ಪರದೆಯಾಚೆ ಉಳಿಯುವ ಬಿಲ್ಲಿನ ಮೊತ್ತ

ಹಳೆಯ ಗಣಕಯಂತ್ರವನ್ನು ಬದಲಿಸಿ ಹೊಸ ಲ್ಯಾಪ್‌ಟಾಪ್ ತಂದ ದಿನವೇ ಕೆಲವು ವರ್ತಕರಿಗೆ ಒಂದು ತೊಡಕು ಎದುರಾಗುತ್ತದೆ. ಅದುವರೆಗೆ ಸರಿಯಾಗಿದ್ದ ಬಿಲ್ಲಿಂಗ್ ತಂತ್ರಾಂಶದ ಕಿಟಕಿಯು ಪರದೆಯನ್ನು ಮೀರಿ, ಕೆಳಭಾಗದ ತೆರಿಗೆ ಮೊತ್ತವೂ 'ಸೇವ್' ಗುಂಡಿಯೂ ಕಾಣದಂತಾಗುತ್ತವೆ. ಗುಮಾಸ್ತನು ಮೊತ್ತವನ್ನು ನೋಡದೆಯೇ ಎಂಟರ್ ಒತ್ತುತ್ತಾನೆ. ತಪ್ಪು ದರದ ಬಿಲ್ಲು ಗ್ರಾಹಕನ ಕೈ ಸೇರಿ, ಅಲ್ಲಿಂದ ಜಿಎಸ್‌ಟಿ ವಿವರಪಟ್ಟಿಗೂ ಇಳಿಯುತ್ತದೆ. ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ.

ಇಂತಹ ತಂತ್ರಾಂಶಗಳಲ್ಲಿ ಹಲವು, 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6ರಲ್ಲಿ ರಚಿತವಾದವು. ಅಂದು 1024×768 ಬಿಂದುಗಳ ಪರದೆಯೇ ದೊಡ್ಡದು. ಪ್ರತಿ ಗುಂಡಿಗೂ ನಿಶ್ಚಿತ ಸ್ಥಾನ ಕೊಟ್ಟು ಕಿಟಕಿಯನ್ನು ಕಟ್ಟಲಾಗುತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಅದೇ ನಮೂನೆಗೆ ಹೊಸ ತೆರಿಗೆ ಕಲಮುಗಳನ್ನು ಜೋಡಿಸಬೇಕಾಯಿತು. ಇಂದಿನ ಲ್ಯಾಪ್‌ಟಾಪ್ 1920×1080 ಬಿಂದುಗಳದ್ದಾದರೂ ವಿಂಡೋಸ್ ಅಕ್ಷರಗಳನ್ನು ಶೇ. 150ಕ್ಕೆ ಹಿಗ್ಗಿಸಿದಾಗ ಹಳೆಯ ತಂತ್ರಾಂಶಕ್ಕೆ ದೊರೆಯುವ ಜಾಗ 1280×720 ಮಾತ್ರ. 768 ಬಿಂದು ಎತ್ತರದ ಕಿಟಕಿ ಅದರಲ್ಲಿ ಹಿಡಿಯದು.

ತಕ್ಷಣದ ಉಪಾಯವೆಂದರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಪ್ರಮಾಣವನ್ನು ಶೇ. 125ಕ್ಕೆ ಇಳಿಸುವುದು, ಆಗ 1536×864ರ ಜಾಗ ದೊರೆಯುತ್ತದೆ. ಅಕ್ಷರ ಸಣ್ಣದಾಯಿತೆಂದು ವಯಸ್ಸಾದ ಲೆಕ್ಕಿಗರು ಗೊಣಗುವುದಂತೂ ಖಚಿತ. ಕಂಪ್ಯಾಟಿಬಿಲಿಟಿ ಪುಟದಲ್ಲಿ ಹಿಗ್ಗಿಸುವಿಕೆಯನ್ನು ತಂತ್ರಾಂಶಕ್ಕೇ ಬಿಡುವ ಆಯ್ಕೆಯೂ ಇದೆ. ಆದರೆ ವಿಷುಯಲ್ ಬೇಸಿಕ್ ಇಂಚಿಗೆ 1440 ಟ್ವಿಪ್ ಎಂಬ ಅಳತೆಯನ್ನು ಅನುಸರಿಸುವುದರಿಂದ ತಾನೇ ಹಿಗ್ಗುತ್ತದೆ. ಅಲ್ಲಿ ಇದು ಫಲಿಸದು.

ಎರಡನೆಯ ಮಾನಿಟರ್ ತೆಗೆದ ಬಳಿಕ ಕಿಟಕಿಯೇ ಕಣ್ಮರೆಯಾದರೆ, ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ, ಬಳಿಕ ಎಮ್ ಒತ್ತಿ, ಬಾಣದ ಕೀಲಿಯಿಂದ ಹಿಂದಕ್ಕೆ ತರಬಹುದು.

ನಿಜವಾದ ದುರಸ್ತಿ ತಂತ್ರಾಂಶ ರಚಿಸಿದವರ ಕೈಯಲ್ಲಿದೆ. ಡಾಟ್‌ನೆಟ್‌ನ ವಿಂಡೋಸ್ ಫಾರ್ಮ್ಸ್‌ನಲ್ಲಿ 'ಆ್ಯಂಕರ್' ಎಂಬ ಗುಣವಿದೆ. ಸರಕಿನ ಪಟ್ಟಿಯನ್ನು ನಾಲ್ಕೂ ಅಂಚಿಗೆ ಬಿಗಿದು, ಮೊತ್ತ ಹಾಗೂ ಗುಂಡಿಗಳನ್ನು ಕೆಳಗಿನ ಬಲ ಅಂಚಿಗೆ ಕಟ್ಟಿದರೆ, ಕಿಟಕಿ ಕುಗ್ಗಿದಾಗ ಪಟ್ಟಿ ಕಿರಿದಾಗುವುದೇ ಹೊರತು ಮೊತ್ತ ಮರೆಯಾಗದು. ಕಿಟಕಿ ತೆರೆಯುವಾಗಲೇ ಟಾಸ್ಕ್‌ಬಾರ್ ಕಳೆದು ಉಳಿದ ಜಾಗಕ್ಕೆ ಅದರ ಅಳತೆಯನ್ನು ಹೋಲಿಸಿ, ಹೆಚ್ಚಾಗಿದ್ದರೆ ಕುಗ್ಗಿಸುವ ನಾಲ್ಕಾರು ಸಾಲುಗಳ ಆದೇಶವೂ ಬೇಕು. ವಿಷುಯಲ್ ಬೇಸಿಕ್ 6ರಲ್ಲಿ ಆ್ಯಂಕರ್ ಇಲ್ಲ; 'ರೀಸೈಜ್' ಘಟನೆಯಲ್ಲಿ ಪ್ರತಿ ಸ್ಥಾನವನ್ನೂ ಲೆಕ್ಕಹಾಕಿ ಬರೆಯಬೇಕು. ಶ್ರಮ ಹೆಚ್ಚಾದ್ದರಿಂದ ಶುಲ್ಕವೂ ಹೆಚ್ಚಾಗಿ ಕೇಳಲ್ಪಡುತ್ತದೆ.

ವಾರ್ಷಿಕ ನಿರ್ವಹಣಾ ಕರಾರನ್ನು ನವೀಕರಿಸುವ ಮುನ್ನವೇ ಈ ಕೆಲಸವನ್ನು ಬರಹದಲ್ಲಿ ಸೇರಿಸುವುದು ಒಳಿತು. 1366×768 ಪರದೆಯಲ್ಲಿ ಶೇ. 100 ಹಾಗೂ 1920×1080 ಪರದೆಯಲ್ಲಿ ಶೇ. 150 ಪ್ರಮಾಣಕ್ಕೆ, ಇಪ್ಪತ್ತು ಸಾಲಿನ ಬಿಲ್ಲೊಂದನ್ನು ತೆರೆದು ಮೊತ್ತ ಕಂಡ ಬಳಿಕವೇ ಕೊನೆಯ ಕಂತನ್ನು ಪಾವತಿಸತಕ್ಕದ್ದು.