ಹಳೆಯ ಗಣಕಕ್ಕೆ ನಿಸ್ತಂತು ನಂಟು

1980ರ ದಶಕದ ಕೊನೆಯಲ್ಲಿ ರಾಯಚೂರಿನಂಥ ಜಿಲ್ಲಾ ಕೇಂದ್ರಗಳನ್ನು ದೆಹಲಿಯೊಡನೆ ಜೋಡಿಸಲು ಸರ್ಕಾರದ ನಿಕ್‌ನೆಟ್ ಜಾಲವು ಉಪಗ್ರಹವನ್ನೇ ಆಶ್ರಯಿಸಿತ್ತು. ಆ ಕಾಲದ ಗಣಕವನ್ನು ಇಂದು ಕೆಲವು ನೂರು ರೂಪಾಯಿಗಳ ಪುಟ್ಟ ಮಾಡ್ಯೂಲ್ ಅಂತರಜಾಲಕ್ಕೆ ಕೂಡಿಸಬಲ್ಲದು. ಹೇಗೆ?

ಹಳೆಯ ಗಣಕ, ಟರ್ಮಿನಲ್‌ಗಳ ಹಿಂಬದಿಯಲ್ಲಿ ಸೀರಿಯಲ್ ಪೋರ್ಟ್ ಇರುತ್ತದೆ. ಅದು ಬಿಟ್‌ಗಳನ್ನು ಒಂದರ ಹಿಂದೊಂದರಂತೆ ಕಳಿಸುತ್ತದೆ. ವೇಗ ಸೆಕೆಂಡಿಗೆ 9600 ಬಿಟ್, ಒಂದು ಅಕ್ಷರಕ್ಕೆ 10 ಬಿಟ್ ಎಂದುಕೊಳ್ಳಿ. 80 ಅಕ್ಷರಗಳ 24 ಸಾಲಿನ ಪರದೆ ತುಂಬಲು ಎರಡು ಸೆಕೆಂಡು ಬೇಕು. ಎರಡೂ ಕಡೆ ಒಂದೇ ವೇಗವಿರದಿದ್ದರೆ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ.

ಈ ಪೋರ್ಟಿನಲ್ಲಿ ಸೊನ್ನೆಗೆ +3ರಿಂದ +15 ವೋಲ್ಟ್, ಒಂದಕ್ಕೆ −3ರಿಂದ −15 ವೋಲ್ಟ್. 2014ರಲ್ಲಿ ಬಂದ ಇಎಸ್‌ಪಿ8266 ವೈಫೈ ಮಾಡ್ಯೂಲ್ ಕೆಲಸ ಮಾಡುವುದು 3.3 ವೋಲ್ಟ್‌ನಲ್ಲಿ. ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋದೀತು! ನಡುವೆ ಮ್ಯಾಕ್ಸ್3232ನಂಥ, ವೋಲ್ಟೇಜ್ ಮಟ್ಟ ಬದಲಿಸುವ ಚಿಪ್ ಇರಲೇಬೇಕು.

ಮಾಡ್ಯೂಲ್‌ಗೆ ಮೋಡೆಮ್ ತಂತ್ರಾಂಶ ತುಂಬಿದರೆ ಗಣಕವು ಅದನ್ನು ದೂರವಾಣಿ ಮೋಡೆಮ್ ಎಂದೇ ತಿಳಿಯುತ್ತದೆ. ‘ಎಟಿಡಿಟಿ’ ಆಜ್ಞೆಯ ಮುಂದೆ ದೂರವಾಣಿ ಸಂಖ್ಯೆಯ ಬದಲು ಅಂತರಜಾಲ ವಿಳಾಸ ಕೊಟ್ಟರಾಯಿತು. ಆದರೆ ವೈಫೈ ಅಲೆ ಮನೆಯಾಚೆ ಹೆಚ್ಚು ದೂರ ಹೋಗದು. ದೇವದುರ್ಗದ ಗಣಕ ಮಾನ್ವಿಯ ಗಣಕದೊಡನೆ ಮಾತಾಡಬೇಕಾದರೆ ಎರಡೂ ಊರುಗಳಲ್ಲಿ ಅಂತರಜಾಲ ಸಂಪರ್ಕ ಬೇಕು.

ಒಂದು ಎಚ್ಚರಿಕೆ: ಇಲ್ಲಿ ಅಕ್ಷರಗಳು ಸಾಮಾನ್ಯವಾಗಿ ಗೂಢಲಿಪಿಯಿಲ್ಲದೆ ಸಾಗುತ್ತವೆ, ಗುಟ್ಟಿನ ಮಾಹಿತಿ ಕಳಿಸಬೇಡಿ. ನಿಮ್ಮ ಶಾಲೆಯ ಉಗ್ರಾಣದಲ್ಲಿ ಇಂಥ ಗಣಕವಿದೆಯೇ? ಅದರಲ್ಲಿರುವ ಹಳೆಯ ಕಡತಗಳನ್ನು ಉಳಿಸಿಕೊಳ್ಳಲೂ ಇದು ದಾರಿ. ಗುಜರಿಗೆ ಹಾಕುವ ಮುನ್ನ ಶಿಕ್ಷಕರ ನೆರವಿನಿಂದ ಪ್ರಯತ್ನಿಸಿ ನೋಡಿ.