ದೊಡ್ಡ ಮೀನಿನ ತೊಟ್ಟಿ ಕೊಳ್ಳುವ ಮುನ್ನ

ಅರಿಸಿನಕ್ಕೋ ಬಾಳೆಗೋ ಒಳ್ಳೆಯ ಬೆಲೆ ಸಿಕ್ಕಿದ ವರ್ಷ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ರೈತರು ಮನೆಗೆ ಹೊಸ ಸಾಮಾನು ತರುವುದು ವಾಡಿಕೆ. ಆ ಸಾಲಿಗೆ ಈಗ ಗಾಜಿನ ಮೀನಿನ ತೊಟ್ಟಿ, ಅಂದರೆ ಅಕ್ವೇರಿಯಂ ಕೂಡ ಸೇರಿದೆ. ಮಕ್ಕಳ ಒತ್ತಾಯಕ್ಕೆ ಮೈಸೂರಿನಿಂದ ತೊಟ್ಟಿಯನ್ನೂ ಅದೇ ದಿನ ಇಪ್ಪತ್ತು ಮೀನುಗಳನ್ನೂ ತಂದು, ತಿಂಗಳೊಳಗೆ ಮೀನೆಲ್ಲ ಸತ್ತು, ಖಾಲಿ ತೊಟ್ಟಿ ಅಟ್ಟ ಸೇರುವುದುಂಟು. ಹಣ ಹೋಗುವುದಿರಲಿ, ಮಕ್ಕಳ ಕಣ್ಣೆದುರು ಜೀವಗಳು ಸಾಯುವುದು ಬೇಸರದ ಸಂಗತಿ. ಆದ್ದರಿಂದ ಕೊಳ್ಳುವ ಮುನ್ನವೇ ಕೆಲವು ವಿಚಾರಗಳನ್ನು ತಿಳಿದುಕೊಳ್ಳುವುದು ಸೂಕ್ತ.

ಮೊದಲು ತೂಕ. 4 ಅಡಿ ಉದ್ದ, 1½ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ 12 ಘನ ಅಡಿಯಾಯಿತು. ಇದರಲ್ಲಿ ಸುಮಾರು 340 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 340 ಕಿಲೋ. ಗಾಜು, ತಳದ ಜಲ್ಲಿ, ಕಬ್ಬಿಣದ ಸ್ಟ್ಯಾಂಡು ಸೇರಿದರೆ ಐದು ಕ್ವಿಂಟಾಲಿನ ಹತ್ತಿರ ಬರುತ್ತದೆ. ಹತ್ತು ಮೂಟೆ ಸಿಮೆಂಟನ್ನು ಆರು ಚದರ ಅಡಿ ಜಾಗದಲ್ಲಿ ಒಟ್ಟಿ ವರ್ಷಗಟ್ಟಲೆ ಬಿಟ್ಟಂತೆ ಇದು. ನೆಲ ಒಂದು ಮೂಲೆಯಲ್ಲಿ ಸ್ವಲ್ಪ ಕುಸಿದರೂ ಗಾಜು ಬಿರಿಯುತ್ತದೆ. ಎರೆಭೂಮಿಯ ಮೇಲೆ ಕಟ್ಟಿದ, ನೆಲದಲ್ಲಿ ಬಿರುಕು ಕಂಡ ಮನೆಗಳಲ್ಲಿ ದೊಡ್ಡ ತೊಟ್ಟಿಯ ಆಸೆ ಬಿಡುವುದೇ ಮೇಲು. ಉಳಿದವರು ಕೆಳ ಅಂತಸ್ತಿನಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ, ಮಟ್ಟ ನೋಡಿ ಇಡಬೇಕು. ತೊಟ್ಟಿಯ ಅಡಿಗೆ ಥರ್ಮೋಕೋಲ್ ಹಾಳೆ ಹಾಸಬೇಕು.

ಇನ್ನು ನೀರು. ನಮ್ಮ ಕಡೆಯ ಬಹಳಷ್ಟು ಕೊಳವೆ ಬಾವಿಗಳ ನೀರು ಗಡಸು. ಸೋಪು ನೊರೆ ಕೊಡದಿದ್ದರೆ, ಹಂಡೆಯ ಒಳಗೆ ಬಿಳಿ ಹೊಟ್ಟು ಕಟ್ಟಿದರೆ ಬೇರೆ ಪರೀಕ್ಷೆ ಬೇಕಿಲ್ಲ. ಗಪ್ಪಿ, ಮೋಲಿ, ಪ್ಲಾಟಿ, ಕತ್ತಿಬಾಲದ ಮೀನುಗಳಿಗೆ ಈ ನೀರು ಚೆನ್ನಾಗಿ ಒಗ್ಗುತ್ತದೆ. ನಿಯಾನ್ ಟೆಟ್ರಾ, ಡಿಸ್ಕಸ್ ಮುಂತಾದವು ಮೃದು ನೀರಿನ ನದಿಗಳಿಂದ ಬಂದವು. ಅವುಗಳಿಗೆ ಹಣ ಸುರಿಯುವುದು ಎರೆಭೂಮಿಯಲ್ಲಿ ಕಾಫಿ ನೆಟ್ಟಂತೆ. ಕೊಳವೆ ಬಾವಿಯಿಂದ ಆಗತಾನೆ ಎತ್ತಿದ ನೀರಿನಲ್ಲಿ ಪ್ರಾಣವಾಯು ಕಡಿಮೆ ಇರುವುದರಿಂದ ಒಂದು ರಾತ್ರಿ ಗಾಳಿಯಾಡಲು ಬಿಡಬೇಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು.

ಹೆಚ್ಚಿನ ಮೀನುಗಳು ಸಾಯುವುದು ಮಾತ್ರ ಅವಸರದಿಂದ. ಹೊಲಕ್ಕೆ ಹಾಕಿದ ಯೂರಿಯ ಮೊದಲು ಅಮೋನಿಯ ಆಗಿ, ಆಮೇಲೆ ಮಣ್ಣಿನ ಸೂಕ್ಷ್ಮಾಣುಗಳಿಂದ ನೈಟ್ರೈಟ್, ನೈಟ್ರೇಟ್ ಆಗುವುದು ರೈತರಿಗೆ ತಿಳಿದ ವಿಷಯ. ತೊಟ್ಟಿಯಲ್ಲಿಯೂ ಇದೇ ನಡೆಯಬೇಕು. ಮೀನು ಅಮೋನಿಯವನ್ನು ವಿಸರ್ಜಿಸುತ್ತದೆ. ಫಿಲ್ಟರಿನ ಸ್ಪಂಜು, ಜಲ್ಲಿಗಳಲ್ಲಿ ನೆಲೆಸಿದ ಸೂಕ್ಷ್ಮಾಣುಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಅವು ಬೆಳೆಯಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಅಮೋನಿಯ, ನೈಟ್ರೈಟ್ ಎರಡೂ ಮೀನಿಗೆ ವಿಷ. ಗಡಸು ನೀರಿನ ರಸಸಾರ ಸಾಮಾನ್ಯವಾಗಿ ಹೆಚ್ಚಿರುತ್ತದೆ. ರಸಸಾರ ಹೆಚ್ಚಿದಷ್ಟೂ ಅಮೋನಿಯದ ವಿಷ ತೀವ್ರ. ಆದ್ದರಿಂದ ಮೊದಲಿಗೆ ನಾಲ್ಕೈದು ಸಣ್ಣ ಮೀನು ಸಾಕು. ಮೇವು ಚಿಟಿಕೆಯಷ್ಟು. ಹಳೆಯ ತೊಟ್ಟಿ ಇಟ್ಟವರಿಂದ ಬಳಸಿದ ಸ್ಪಂಜು ಸಿಕ್ಕರೆ ಹೆಪ್ಪು ಹಾಕಿದಂತೆ ಉಪಯೋಗವಾಗುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ತೊಳೆಯಬೇಕು. ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ.

ರೈತರ ಮನೆಗೇ ವಿಶೇಷವಾದ ಅಪಾಯವೊಂದಿದೆ. ಟೊಮ್ಯಾಟೊ, ಹೂವಿನ ಬೆಳೆಗಳಿಗೆ ಹೊಡೆಯುವ ಸೈಪರ್‌ಮೆಥ್ರಿನ್ ಜಾತಿಯ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲುತ್ತವೆ. ಮೈಲುತುತ್ತವೂ ಹಾಗೆಯೇ. ಔಷಧಿ ಕಲಸಿದ ಬಕೆಟ್ಟು ಎಷ್ಟು ತೊಳೆದರೂ ತೊಟ್ಟಿಯ ಕೆಲಸಕ್ಕೆ ಬಾರದು. ಸಿಂಪಡಣೆ ಮಾಡಿ ಬಂದವರು ಸ್ನಾನವಾಗದೆ ನೀರಿಗೆ ಕೈ ಹಾಕಕೂಡದು. ಸೊಳ್ಳೆಬತ್ತಿಯಲ್ಲಿ ಇರುವುದೂ ಅದೇ ಗುಂಪಿನ ವಿಷ. ಗಾಳಿ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆಂಬುದು ಜ್ಞಾಪಕದಲ್ಲಿರಲಿ.

ಕರೆಂಟು ಹೋಗುವುದು ಹೊಸದಲ್ಲ. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಗಾಳಿ ಪಂಪನ್ನು ತೊಟ್ಟಿಯ ಜೊತೆಯಲ್ಲಿಯೇ ಕೊಳ್ಳಬೇಕು. ವೈರು ಪ್ಲಗ್ಗಿಗಿಂತ ಕೆಳಗೆ ಇಳಿಬಿದ್ದು ಮೇಲೇರುವಂತಿದ್ದರೆ ಅದರ ಗುಂಟ ಹರಿದ ನೀರು ಪ್ಲಗ್ಗಿಗೆ ತಲುಪದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ಯಾರು ನೋಡಿಕೊಳ್ಳುವವರು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದೆಂದರೆ 85 ಲೀಟರ್, ಅಂದರೆ ಏಳು ಕೊಡ ಹೊರಗೆ, ಏಳು ಕೊಡ ಒಳಗೆ. ಮಕ್ಕಳ ಉತ್ಸಾಹ ಎರಡು ತಿಂಗಳು ಇರುತ್ತದೆ. ಆಮೇಲೆ ಈ ಕೆಲಸ ಮನೆಯ ಹೆಂಗಸರ ತಲೆಗೆ ಬೀಳುತ್ತದೆ. ಅವರನ್ನು ಕೇಳಿಯೇ ಕೊಳ್ಳುವುದು ನ್ಯಾಯ. ತೆಗೆದ ನೀರು ಕೈತೋಟಕ್ಕೆ ಒಳ್ಳೆಯ ಗೊಬ್ಬರ. ಇಷ್ಟಾದರೂ ಅನುಕೂಲವಿದ್ದವರಿಗೆ ಚಿಕ್ಕ ತೊಟ್ಟಿಗಿಂತ ದೊಡ್ಡದೇ ಸುಲಭ. ನೀರು ಹೆಚ್ಚಿದ್ದಷ್ಟೂ ಅದು ಕೆಡುವುದು ನಿಧಾನ. ಮೇಜಿನ ಮೇಲಿನ ಗುಂಡು ಬಟ್ಟಲು ಮೀನಿಗೆ ಸೆರೆಮನೆಯೇ.

ಅಂಗಡಿಯಲ್ಲಿ ಎರಡಂಗುಲವಿರುವ ಆಸ್ಕರ್ ಮೀನು ಒಂದಡಿಯವರೆಗೆ ಬೆಳೆಯುತ್ತದೆ. ಗಾಜಿಗೆ ಅಂಟಿ ಪಾಚಿ ತಿನ್ನುವ ‘ಸಕ್ಕರ್’ ಮೀನು ಅದಕ್ಕಿಂತಲೂ ದೊಡ್ಡದಾಗುತ್ತದೆ. ಸಾಕಲಾರದೆ ಇವನ್ನು ಊರ ಕೆರೆಗೆ ಬಿಡುವವರಿದ್ದಾರೆ. ಇದನ್ನು ಎಂದಿಗೂ ಮಾಡಬಾರದು. ಸಕ್ಕರ್ ಮೀನಿಗೆ ಇಲ್ಲಿ ಶತ್ರುಗಳು ಕಡಿಮೆ. ದಡದಲ್ಲಿ ಬಿಲ ತೋಡಿ ಮರಿ ಮಾಡುತ್ತದೆ, ಅದರ ಮುಳ್ಳುಗಳು ಬಲೆ ಹರಿಯುತ್ತವೆ. ಗುಂಡ್ಲು ಹೊಳೆ ಕಪಿಲೆಗೆ, ಸುವರ್ಣಾವತಿ ಕಾವೇರಿಗೆ ಸೇರುವುದರಿಂದ ಕೆರೆ ಕೋಡಿ ಬಿದ್ದ ವರ್ಷ ಮೀನು ಎಲ್ಲಿಗೆ ಬೇಕಾದರೂ ತಲುಪಬಹುದು. ಬಂಡೀಪುರದ ಅಂಚಿನ ಮೋಯಾರ್ ಹೊಳೆಯಲ್ಲಿ ಕಾವೇರಿ ಕಣಿವೆಗೇ ವಿಶಿಷ್ಟವಾದ, ಅಳಿವಿನಂಚಿಗೆ ಬಂದಿರುವ ಡುಬ್ಬದ ಮಹಶೀರ್ ಇನ್ನೂ ಉಳಿದಿದೆ. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಬಹುದೇ ಎಂದು ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಬೇಕು. ಒಪ್ಪದ ಅಂಗಡಿಯಲ್ಲಿ ಆ ಜಾತಿಯ ಮೀನು ಕೊಳ್ಳಬೇಡಿ.