ಟೋಫು ತಿಂದರೆ ಅಮೆಜಾನ್ ಕಾಡಿಗೆ ಕೊಡಲಿಯೇ?

ಪ್ರಶ್ನೆ: ಟೋಫು, ಸೋಯಾ ಹಾಲು ಬಳಸುವ ವೀಗನ್‌ಗಳಿಂದಲೇ ಅಮೆಜಾನ್ ಕಾಡು ನಾಶವಾಗುತ್ತಿದೆಯಂತೆ. ನಿಜವೇ?

ಉತ್ತರ: ಸೋಯಾಕ್ಕಾಗಿ ಕಾಡು ಕಡಿದದ್ದು ನಿಜ, ಆದರೆ ಬೊಟ್ಟು ಮಾಡಬೇಕಾದ್ದು ಟೋಫುವಿನ ಕಡೆಗಲ್ಲ. ಜಗತ್ತಿನ ಸೋಯಾದಲ್ಲಿ ಸುಮಾರು ಮುಕ್ಕಾಲು ಪಾಲು ಕೋಳಿ, ಹಂದಿ, ದನ, ಸಾಕುಮೀನುಗಳ ಮೇವಾಗುತ್ತದೆ. ಟೋಫು, ಸೋಯಾ ಹಾಲಿನಂಥ ಆಹಾರಕ್ಕೆ ನೇರವಾಗಿ ಹೋಗುವುದು ಶೇ. 7ರಷ್ಟು ಮಾತ್ರ. ಅಮೆಜಾನಿನಲ್ಲಿ ಅತಿ ಹೆಚ್ಚು ಕಾಡು ನುಂಗಿದ್ದಂತೂ ದನಗಳ ಹುಲ್ಲುಗಾವಲು. ಹೊಸದಾಗಿ ಕಾಡು ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲವೆಂದು 2006ರಲ್ಲಿ ಬ್ರೆಜಿಲ್‌ನ ದೊಡ್ಡ ವ್ಯಾಪಾರಿಗಳು ಒಪ್ಪಿಕೊಂಡ ಮೇಲೆ, ಅಮೆಜಾನಿನಲ್ಲಿ ಸೋಯಾಕ್ಕಾಗಿ ನೇರವಾಗಿ ಕಾಡು ಕಡಿಯುವುದು ಬಹಳ ಇಳಿಯಿತು.

ಆದರೆ ವೀಗನ್‌ಗಳು ಬಳಸುವ ಇನ್ನೊಂದು ಹಾಲಾದ ಬಾದಾಮಿ ಹಾಲಿಗೆ ನೀರು ಬಹಳ ಬೇಕೆಂಬ ಟೀಕೆಯನ್ನು ಮಾತ್ರ ನಾನು ತಳ್ಳಿಹಾಕಲಾರೆ. ಪದೇಪದೇ ಬರ ಕಾಣುವ ಕ್ಯಾಲಿಫೋರ್ನಿಯಾದಲ್ಲಿ ಬಾದಾಮಿ ತೋಟಗಳು ಅಂತರ್ಜಲವನ್ನು ಹೀರುತ್ತಿವೆ. ನೀರಿನ ಚಿಂತೆಯಿದ್ದವರು ಸೋಯಾ ಅಥವಾ ಓಟ್ಸ್ ಹಾಲನ್ನು ಆರಿಸಿಕೊಳ್ಳಬಹುದು.